ಭೀಮೂನಪ್ಪನ ಹೆಸರು

ಮೊದಲ ಸಾಲಿನಲ್ಲಿ ಆ ಸೆರಗು, ಹಸಿರು ಸೆರಗು, ಬಾಯಿಗೆ ಒತ್ತಿಕೊಂಡೇ ಕೂತಿದ್ದಾಳೆ ಸಾಬವ್ವ, ಪಕ್ಕದಲ್ಲಿ ಮಗ ಭೀಮು, ಆ ಕಡೆ ನೋಡಬಾರದು, ನೋಡಿದರೆ ಕೆಟ್ಟೆ — ನನ್ನ ಇಯರ್‌ಫೋನಿನಲ್ಲೂ ಅವಳೇ, ರೆಕಾರ್ಡಿನಲ್ಲಿ ಅವಳು ಹೇಳಿದ್ದನ್ನು ಕೇಳುತ್ತಾ ಅದೇ ಉಸಿರಿನಲ್ಲಿ ನಾನು ಹೇಳಬೇಕು, ಅವಳು ಕೆಮ್ಮಿದರೆ ಕೆಮ್ಮಬೇಕು, ಇದೇ ನಮ್ಮ ನಾಟಕದ ಪದ್ಧತಿ, ಡೊಂಬಿವಲಿಯಲ್ಲಿ ಹುಟ್ಟಿ ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಆಡಿದ ಈ ರಮಿತಾಳ, ಅಂದರೆ ನನ್ನ, ಬಾಯಲ್ಲಿ ಈಗ ಕಲಬುರಗಿ ಕನ್ನಡ, ಗುಡ್ಡ ಜರದು ಬಂತ್ರಿ, ನಮ್ಮ ಜೋಪಡಿ ಮ್ಯಾಲೇ ಬಂತು, ವಾಶಿಯ ಈ ಸಭಾಂಗಣದ ಏಸಿಯಲ್ಲೂ ಬೆನ್ನು ಬೆವರುತ್ತಿದೆ, ಇನ್ನೇನು ಬಂದೇಬಿಟ್ಟಿತು ನಾಟಕದ ಆ ಜಾಗ, ಅವತ್ತು ತುರ್ಭೆಯ ಗುಡ್ಡದ ಮಣ್ಣಿನಡಿಯಿಂದ ಗಂಡನ ನರಳಾಟ ಕೇಳಿಸುತ್ತಿತ್ತಂತೆ, ಫೈರ್ ಬ್ರಿಗೇಡಿನವನು ಕೇಳಿದನಂತೆ, ನಾವ್ ಸಾಂಗಾ, ಹೆಸರು ಹೇಳು, ಹೆಸರು ಹಿಡಿದು ಕೂಗಿದರೆ ಓಗೊಟ್ಟಾನು, ಎಲ್ಲಿ ಅಗೆಯಬೇಕೆಂದು ಗೊತ್ತಾದೀತು, ಇವಳೋ ಗಂಡನ ಹೆಸರನ್ನು ನಾಲಿಗೆಗೆ ತಂದವಳೇ ಅಲ್ಲ, ಭೀಮೂನಪ್ಪ, ಭೀಮೂನಪ್ಪ ಅಂದಳು, ಆ ಮರಾಠಿಯವನಿಗೆ ಅದೇನು ತಿಳಿದೀತು, ನೆರೆಯವರು ಬಂದು ಹೆಸರು ಹೇಳುವ ಹೊತ್ತಿಗೆ ಮಣ್ಣಿನಡಿ ಸದ್ದಿಲ್ಲ.

ನಿರ್ದೇಶಕ ಯೋಗೀಶನಿಗೆ ಇದು ಒಗ್ಗಲಿಲ್ಲ, ಗಂಡ ಸಾಯುವಾಗ್ಲೂ ಹೆಸರು ಹೇಳ್ಲಿಲ್ಲ ಅಂದ್ರೆ ಯಾರು ನಂಬ್ತಾರೆ ಮಾರಾಯ್ತಿ, ನೀನು ಮಾಪಣ್ಣಾ ಅಂತ ಕೂಗಿಬಿಡು, ನಾನೂ ತಾಲೀಮಿನಲ್ಲಿ ಕೂಗಿದೆ, ಚೆನ್ನಾಗಿಯೇ ಕೂಗಿದೆ, ಥೂ — ಇವತ್ತು ಸಂಜೆ ಬಣ್ಣದ ಕೋಣೆಗೆ ಬಂದು ಗಲ್ಲ ಹಿಡಿದಳು ಸಾಬವ್ವ, ನಾ ಹೆಂಗ ಹೇಳೀನಿ ಹಂಗ ಹೇಳವ್ವ, ಹೆಚ್ಚಿಂದು ಬ್ಯಾಡ, ಕೂಗಿದರೆ ಅವಳು ಬದುಕಿದ್ದೇ ಸುಳ್ಳಾಗುತ್ತದೆ, ಕೂಗದಿದ್ದರೆ ಇಡೀ ಸಭೆ ಕೇಳುತ್ತದೆ ಯಾಕಮ್ಮಾ ಹೇಳಲಿಲ್ಲ, ಅದೂ ಮಗನ ಎದುರಿಗೇ, ಅತ್ತ ದರಿ ಇತ್ತ ಪುಲಿ, ನನಗೆ ಭಯವಾಗುತ್ತಿದೆ, ನಿಜಕ್ಕೂ ಭಯ — ನಾವ್ ಸಾಂಗಾ, ಫೈರ್ ಬ್ರಿಗೇಡಿನ ವೇಷದ ರಿತೇಶ್ ಕೇಳಿಯೇಬಿಟ್ಟ, ಕಿವಿಯಲ್ಲಿ ಅವಳ ಮೌನ, ಹಿಂದೆ ರೆಕಾರ್ಡಿನದೇ ಫ್ಯಾನಿನ ಗರಗರ, ನಾನೂ ಸುಮ್ಮನೆ, ಕೂಗು ಕೂಗು ಎಂದು ಪರದೆಯ ಮರೆಯಿಂದ ಯೋಗೀಶ, ಕೂಗುವುದಿಲ್ಲ ಹೋಗೋ, ರಿತೇಶ್ ಮತ್ತೆ, ನಾವ್ ಸಾಂಗಾ, ಯಾರೋ ಲೊಚಗುಟ್ಟಿದರು, ಮಾತು ಮರೆತಳು ಅಂದುಕೊಂಡರೋ ಏನೋ — ಮಾಪಣ್ಣ — ಯಾರದು, ನನ್ನ ದನಿಯಲ್ಲ, ಇಯರ್‌ಫೋನಿನದ್ದೂ ಅಲ್ಲ, ಮಾಪಣ್ಣ, ಅವರ ಹೆಸರ ಮಾಪಣ್ಣ ಅದರೀ, ಕೂಗ್ರಿ, ಲಗೂನ ಕೂಗ್ರಿ, ಸಾಬವ್ವ ಎದ್ದು ನಿಂತಿದ್ದಾಳೆ, ರಿತೇಶನನ್ನೇ ನೋಡುತ್ತಿದ್ದಾಳೆ, ಭೀಮು ಕೈ ಹಿಡಿದು ಎಳೆದರೂ ಕೂರುತ್ತಿಲ್ಲ, ಹಸಿರು ಸೆರಗು ಜಾರಿದೆ, ಬಾಯಿ, ತೆರೆದ ಬಾಯಿ, ಓಗೊಡುವವನಿಗಾಗಿ ಕಾಯುತ್ತಾ ತೆರೆದೇ ಇರುವ ಆ ಬಾಯಿ