ಹಿಮ ಬೀಳುವ ದೇಶದ ಹಗೇವು

ಎರೆಹೊಲಗಳ ಮೇಲೆ ಮಂಜು ಇನ್ನೂ ಮಲಗೇ ಇತ್ತು. ಬಸ್ಸಿನ ಕಿಟಕಿಯಾಚೆ ಕಡಲೆಯೂ ಇಲ್ಲ, ಕುಸುಬೆಯೂ ಇಲ್ಲ, ಬರೀ ಬಿಳುಪು. ಗುಡದಪ್ಪನಿಗೆ ಅದು ಹಿಡಿಸಿತು. ಅವನು ಬರೆದ ಕಾದಂಬರಿಯಲ್ಲೂ ಹೀಗೇ ಬಿಳುಪಿತ್ತು. ಅಲ್ಲಿ ಅದು ಹಿಮ.

ಚೀಲದಲ್ಲಿ ಪುಸ್ತಕವಿತ್ತು. ಓದಬೇಕಾದದ್ದು ಒಂದೇ ಅಧ್ಯಾಯ. ಕೇಳಬೇಕಾದವನೂ ಒಬ್ಬನೇ, ಶಲವಡಿಯ ಈರಬಸಪ್ಪ. ಮುದುಕ ಈ ಚಳಿಗಾಲ ದಾಟುವುದು ಕಷ್ಟ ಎಂದು ಸಂತೆಯಲ್ಲಿ ಯಾರೋ ಅಂದಿದ್ದರು. ಗುಡದಪ್ಪ ಮರುದಿನವೇ ರಜೆ ಹಾಕಿದ. ಮುದುಕ ಸತ್ತುಹೋದರೆ ಸೇಡು ಆಮೇಲೆ ಯಾರ ಬಾಗಿಲಿಗೆ ಹೋಗಬೇಕು?

ಅಣ್ಣಿಗೇರಿಯ ಕಾಲೇಜಿನಲ್ಲಿ ಅವನು ಇಂಗ್ಲಿಷ್ ಕಲಿಸುತ್ತಿದ್ದ. ಮಹಾಯುದ್ಧದ ಅಂಚಿನಲ್ಲಿದ್ದ ಸಣ್ಣ ದೇಶಗಳ ಕಾದಂಬರಿಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆಗಿದ್ದ. ಆ ಕಾದಂಬರಿಗಳಲ್ಲಿ ತೋಪು ಹಾರುವುದಿಲ್ಲ. ಯುದ್ಧ ಎಲ್ಲೋ ಗುಡ್ಡದಾಚೆ ನಡೆದಿರುತ್ತದೆ. ಈಚೆ ರೊಟ್ಟಿ ತುಟ್ಟಿಯಾಗುತ್ತದೆ, ಸರಕಾರ ಕುದುರೆಗಳನ್ನು ಎಳೆದೊಯ್ಯುತ್ತದೆ, ಬಾಜು ಮನೆಯವನೇ ಹಿಡಿದುಕೊಡುತ್ತಾನೆ. ಕೊನೆಗೆ ಒಬ್ಬ ಬಡವ ಸಾಯುತ್ತಾನೆ. ಅವನನ್ನು ಯಾವ ಸೈನ್ಯವೂ ಕೊಂದಿರುವುದಿಲ್ಲ. ಮೊದಲ ಸಲ ಓದಿದಾಗ ಗುಡದಪ್ಪನ ಅಂಗೈ ಬೆವರಿತ್ತು. ಇದು ತನ್ನಪ್ಪನ ಸಾವು.

ಅಪ್ಪ ಹುಚ್ಚಪ್ಪ ಈರಬಸಪ್ಪನ ಮನೆಯ ಆಳು. ಜರ್ಮನಿಯ ಎರಡನೇ ಯುದ್ಧದ ಕಾಲ. ಲೆವ್ಹಿ ಎಂದು ಸರಕಾರ ಮನೆಮನೆಯ ಜೋಳ ಎತ್ತುತ್ತಿತ್ತು; ಅಧಿಕಾರಿಗಳು ಚಾವಡಿಯಲ್ಲೇ ಬೀಡುಬಿಟ್ಟಿದ್ದರು. ಈರಬಸಪ್ಪನ ಜೋಳ ಮನೆಯ ಮುಂದಿನ ಹಗೇವಿನಲ್ಲಿತ್ತು. ನೆಲದೊಳಗೆ ಬಾವಿಯಷ್ಟು ಆಳ, ಬಾಯಿ ಮಾತ್ರ ಒಬ್ಬ ಇಳಿಯುವಷ್ಟು. ಬಹಳ ದಿನ ಮುಚ್ಚಿದ ಹಗೇವಿನ ಗಾಳಿ ವಿಷ. ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಮನುಷ್ಯ ಇಳಿಯಕೂಡದು. ಇದು ಊರಿನ ಕೂಸಿಗೂ ಗೊತ್ತು. ಆ ಅಮಾವಾಸ್ಯೆಯ ರಾತ್ರಿ ಜೋಳವನ್ನು ಬೇರೆಡೆ ಸಾಗಿಸಲು ಹೊರಟ ಈರಬಸಪ್ಪ, ಬೆಳಕು ಮಾಡಿದರೆ ಚಾವಡಿಗೆ ಕಾಣುತ್ತದೆ, ಹಾಗೇ ಇಳಿ ಎಂದ. ಹುಚ್ಚಪ್ಪ ಇಳಿದ. ಹತ್ತಿ ಬರಲಿಲ್ಲ. ಎದೆ ಹಿಡಿದು ಸತ್ತ ಎಂದು ಊರಿಗೆ ಹೇಳಿದರು. ಊರು ಹೌದೆಂದಿತು.

ಅವ್ವ ಫಕೀರವ್ವ ಮೊಲೆಗೂಸನ್ನು ಕಟ್ಟಿಕೊಂಡು ಸಂಶಿಯ ತವರಿಗೆ ಹೋದಳು. ಕೂಲಿ ಮಾಡಿ ಓದಿಸಿದಳು. ಸಾಯುವ ತನಕ ಅವಳದು ಒಂದೇ ಮಾತು: "ಮನಶ್ಯಾ ಹ್ವಾದ. ಕಂದೀಲಾದ್ರೂ ತಿರಗಿ ಕೊಡಬೇಕಿತ್ತಿಲ್ಲೋ."

ಕಂದೀಲು ಹುಚ್ಚಪ್ಪನದು, ಆ ಸಂಜೆ ಹೊಸ ಬತ್ತಿ ಹಾಕಿ ಮನೆಯಿಂದ ಒಯ್ದದ್ದು. ಗುಡದಪ್ಪ ಅದನ್ನು ಕಾದಂಬರಿಯಲ್ಲಿ ತರಲಿಲ್ಲ. ಅಂಥ ಸಣ್ಣ ಸಾಮಾನು ದುರಂತದ ಘನತೆ ಕೆಡಿಸುತ್ತದೆ ಅನ್ನಿಸಿತ್ತು. ಶಲವಡಿಯನ್ನೂ ಬಿಟ್ಟಿದ್ದ. ಕಥೆ ನಡೆಯುವುದು ಹೆಸರಿಲ್ಲದ ಒಂದು ಬಡಗಣ ದೇಶದಲ್ಲಿ. ಹಗೇವಿನ ಬದಲು ಬಟಾಟೆ ತುಂಬಿದ ನೆಲಮಾಳಿಗೆ. ಈರಬಸಪ್ಪನ ಬದಲು ತುಪ್ಪಳದ ಕೋಟಿನ ಜಮೀನುದಾರ. ಕಲೆಗೆ ದೂರ ಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಅವನು ಶಲವಡಿ ಮುಟ್ಟಿದಾಗ ಈರಬಸಪ್ಪನ ಲಿಂಗಪೂಜೆ ನಡೆದಿತ್ತು. ಸೇಡು ಕಟ್ಟೆಯ ಮೇಲೆ ಕೂತು ಪೂಜೆ ಮುಗಿಯುವುದನ್ನು ಕಾಯಿತು. ಎದುರಿಗೇ ಹಗೇವಿನ ಬಾಯಿ. ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮೊಮ್ಮಗನ ಮೋಟರಸೈಕಲ್. ಮುದುಕನ ಹೆಂಡತಿ ರೇವವ್ವ ಚಹಾ ತಂದಳು. ಗ್ಲಾಸನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಸರಿದು ನಿಂತಳು. ಡಾಕ್ಟರ್ ಗುಡದಪ್ಪ ಎತ್ತಿಕೊಂಡು ಕುಡಿದ.

ಹಣೆತುಂಬ ವಿಭೂತಿ ಹಚ್ಚಿಕೊಂಡು ಮುದುಕ ಗೋಡೆ ಹಿಡಿದು ಬಂದ. ಕಣ್ಣು ಹೋಗಿದ್ದವು.

"ಯಾರಪಾ?"

"ಹುಚ್ಚಪ್ಪನ ಮಗ್ರಿ. ಗುಡದಪ್ಪ."

ಆ 'ರಿ' ತಾನಾಗಿ ಬಂತು. ಅದನ್ನು ಅಣ್ಣಿಗೇರಿಯಲ್ಲೇ ಬಿಟ್ಟು ಬರಬೇಕೆಂದಿದ್ದ.

"ಯಾ ಹುಚ್ಚಪ್ಪ?"

ಗುಡದಪ್ಪ ಚೀಲಕ್ಕೆ ಕೈಹಾಕಿದ. ಒಂದು ಕಥೆ ಬರೆದಿದ್ದೇನೆ, ಹಿರಿಯರು ಕೇಳಬೇಕು ಎಂದು ಪುಸ್ತಕ ತೆರೆದ. ಮಠದಲ್ಲಿ ಪುರಾಣ ಕೇಳಿ ರೂಢಿಯಿದ್ದ ಮುದುಕ ಸಂತೋಷದಿಂದ ಕಾಲು ಮಡಚಿ ಕೂತ.

ಹಿಮ ಬಿತ್ತು. ಆಳು ನೆಲಮಾಳಿಗೆಯ ಬಾಯಿಗೆ ಬಂದ. ಜಮೀನುದಾರ ದೀಪ ಬೇಡ ಎಂದ. ಗುಡದಪ್ಪ ಒಂದೊಂದು ವಾಕ್ಯವನ್ನೂ ಕುಡುಗೋಲು ಮಸೆದ ಹಾಗೆ ಓದಿದ. ಪ್ರತಿ ವಾಕ್ಯಕ್ಕೂ ತಲೆಯೆತ್ತಿ ಮುಖ ನೋಡಿದ. ಒಮ್ಮೆಯಾದರೂ ಆ ಮುಖ ನಡುಗಬೇಕು. ಆ ಬಾಯಿಂದ ಅಪ್ಪನ ಹೆಸರು ಬರಬೇಕು. ಅಷ್ಟಕ್ಕೇ ಈ ಓದು, ಈ ಡಾಕ್ಟರಿಕೆ, ಈ ಬಸ್ಸು. ಮುದುಕ ತಪ್ಪದೆ ಹೂಂಗುಟ್ಟುತ್ತಿದ್ದ. ಆಳು ಸತ್ತಾಗ ಶಿವಶಿವಾ ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಆ ದೇಶದಾಗ ಸಾವಕಾರ್ರು ಭಾಳ ಕೆಟ್ಟವರದಾರ ಬಿಡು," ಎಂದ.

ತಿಳಿದು ಅಂದನೋ, ತಿಳಿಯದೆಯೋ? ಕುರುಡುಗಣ್ಣಿನಲ್ಲಿ ಏನೂ ಕಾಣಲಿಲ್ಲ. ಅದು ನೀನು ಎನ್ನಬೇಕಾದ ಗಳಿಗೆ ಇದೇ. ನಾಲ್ವತ್ತು ವರ್ಷ ಕಾದಿಟ್ಟ ಮಾತು ಅದು. ಗುಡದಪ್ಪ ಬಾಯಿ ತೆರೆದ.

"ಹೌದ್ರಿ," ಅಂದ.

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ. ಮಂಜು ಹರಿದು ಓಣಿಯಲ್ಲಿ ಬಿಸಿಲು ಬಿದ್ದಿತ್ತು. ಯಾರಿಗೂ ಹೇಳದೆ ಕಟ್ಟೆಯಿಳಿದ. ಮೋಟರಸೈಕಲ್ ದಾಟುವಷ್ಟರಲ್ಲಿ ಹಿಂದೆ ಬಳೆ ಸಪ್ಪಳವಾಯಿತು. ರೇವವ್ವ. ಇಷ್ಟು ಹೊತ್ತು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಈಗ ಸೆರಗಿನಡಿ ಏನೋ ಹಿಡಿದಿದ್ದಳು.

"ಅಷ್ಟ ದೂರ ಯಾಕ ಒಯ್ದಿಪಾ ಅವನ್ನ?" ಎಂದು ಮೆಲ್ಲಗೆ ಕೇಳಿದಳು. "ಅಂವಾ ಇಲ್ಲೇ ಸತ್ತಿದ್ದ."

ಕಟ್ಟೆಯಿಂದ ಮುದುಕ, ಮುಂದೇನಾತು, ಓದಪಾ ಎನ್ನುತ್ತಿದ್ದ. ಬರೆದವನು ಎದ್ದು ಹೋದದ್ದು ಅವನಿಗೆ ಗೊತ್ತಾಗಿರಲಿಲ್ಲ.

ಈ ಸಲ ಅವಳು ಕೆಳಗೆ ಇಡಲಿಲ್ಲ. ಗುಡದಪ್ಪನ ಕೈ ಹಿಡಿದು, ಬೆರಳು ಬಿಡಿಸಿ, ಕಂದೀಲಿನ ಸರಿಗೆಯ ಹಿಡಿಕೆಯನ್ನು ಅದರೊಳಗಿಟ್ಟು ಮತ್ತೆ ಮಡಚಿದಳು. ತಗಡು ತುಕ್ಕು ಹಿಡಿದಿತ್ತು. ಗಾಜನ್ನು ಮಾತ್ರ ಯಾರೋ ವರ್ಷವರ್ಷವೂ ಒರೆಸಿದ್ದರು. ಬಿಸಿಲು ಅದನ್ನು ಹಾಯ್ದು ಚಪ್ಪಡಿಯ ಮೇಲೆ ಬಿತ್ತು. ಒಳಗೆ ಅಪ್ಪ ಆ ಸಂಜೆ ಹಾಕಿದ್ದ ಹೊಸ ಬತ್ತಿ. ತುದಿ ಹಳದಿಗಟ್ಟಿತ್ತು. ಎಲ್ಲೂ ಸುಟ್ಟಿರಲಿಲ್ಲ.