ಮೂರು ದಿನ ಹಾಕಬಾರದ ಹಾಲು

ಮಂಗಳಗೌರಿಗೆ ಎದೆ ಡವಡವ ಅನ್ನುವುದು ಶುರುವಾಗಿ ಆರು ತಿಂಗಳಾಗಿತ್ತು. ತುಮಕೂರಿನ ಡಾಕ್ಟರು ಎದೆಗೆ ವೈರು ಅಂಟಿಸಿ, ಕಾಗದ ನೋಡಿ, "ಹಾರ್ಟ್ ಚೆನ್ನಾಗಿದೆ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದ್ದರು. ಟೆನ್ಷನ್ನನ್ನು ಇವಳೇ ಗುಬ್ಬಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದುಕೊಂಡಿದ್ದಾಳೆ ಅನ್ನುವ ಹಾಗೆ! ಗಂಡ ತಿಮ್ಮೇಶ್ ಫ್ಯಾಕ್ಟರಿಯ ನೈಟ್ ಶಿಫ್ಟು ಮುಗಿಸಿ ನಿಟ್ಟೂರಿನ ಹತ್ತಿರದ ಈ ಊರು ಸೇರುವುದು ಒಂಬತ್ತಕ್ಕೆ. ಅಷ್ಟರೊಳಗೆ ಎರಡು ಹಸು, ತೋಟದ ಮೋಟರು, ಮಗಳು ಕೃತಿಕಾಳ ಸ್ಕೂಲ್ ಬಸ್ಸು, ಎಲ್ಲ ಇವಳ ತಲೆಯ ಮೇಲೆ.

ಈ ವಾರ ಇನ್ನೊಂದು ಸೇರಿತ್ತು. ಕರಿ ಹಸುವಿಗೆ ಕೆಚ್ಚಲು ಬಾವು. ದನದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಔಷಧಿ ಹಾಲಿಗೆ ಇಳಿಯುತ್ತದೆ, ಮೂರು ದಿನ ಡೇರಿಗೆ ಹಾಕಕೂಡದು ಎಂದಿದ್ದರು. ಅದರ ಹಾಲನ್ನು ಬೇರೆ ಬಕೆಟ್ಟಿಗೆ ಕರೆದು ತಿಪ್ಪೆಗೆ ಚೆಲ್ಲುತ್ತಿದ್ದಳು. ಚೆಲ್ಲುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಹಾಲು ಕರೆದು ಏಳುವಷ್ಟರಲ್ಲಿ ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಬಂತು. ತೋಟಕ್ಕೆ ಓಡಿ ಮೋಟರು ಹಾಕಿದಳು. ಓಡಿ ಬಂದು ಮಗಳಿಗೆ ಜಡೆ ಹಾಕಿ, ಬಸ್ಸು ಹತ್ತಿಸಿ, ಹಾಲನ್ನು ಪಾತ್ರೆಗೆ ಬಗ್ಗಿಸಿಕೊಂಡು ಡೇರಿಗೆ ಹೋಗಿ ಹಾಕಿ ಬಂದಳು. ಪಾತ್ರೆ ತೊಳೆಯಲು ಕೂತಾಗ ನೋಡುತ್ತಾಳೆ, ಎರಡು ಬಕೆಟ್ಟೂ ಖಾಲಿ. ಎದ್ದು ಹೋಗಿ ತಿಪ್ಪೆ ನೋಡಿದಳು. ಅಲ್ಲಿ ಹಾಲು ಚೆಲ್ಲಿದ ಗುರುತೇ ಇರಲಿಲ್ಲ.

ಗಂಟೆ ಏಳೂಕಾಲು. ಹಾಲಿನ ವ್ಯಾನು ಏಳೂವರೆಗೆ. ಸುಮ್ಮನಿದ್ದರೆ ಯಾರಿಗೂ ತಿಳಿಯದೇ ಹೋಗಬಹುದು. ಆದರೆ ಟೆಸ್ಟಿನಲ್ಲಿ ಔಷಧಿ ಸಿಕ್ಕರೆ ಊರಿನ ಹಾಲೆಲ್ಲ ವಾಪಸ್ಸು; ಸಿಗದಿದ್ದರೆ ಯಾವ ಮಗುವಿನ ಲೋಟಕ್ಕೋ. ಹೇಳಿದರೆ ಹತ್ತು ಮನೆಯ ಹಾಲು ಅವರ ಕಣ್ಣೆದುರೇ ಚರಂಡಿ ಪಾಲು. ಅದೂ ಡೇರಿಯ ಸಾಲಿನಲ್ಲಿ ಇವಳ ಹಿಂದೆಯೇ ನಿಂತಿದ್ದವಳು ನರಸಮ್ಮ. ಆ ನಾಲಿಗೆಗೆ ಸಿಕ್ಕಿಬಿದ್ದವರು ತಿಂಗಳುಗಟ್ಟಲೆ ಆ ಬೀದಿ ತುಳಿಯುತ್ತಿರಲಿಲ್ಲ. ಮಂಗಳಗೌರಿ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಪೊರಕೆ ಎಸೆದಳು, ಎತ್ತಿಕೊಂಡಳು. ಕೊನೆಗೆ ಅದನ್ನು ಅಲ್ಲೇ ಬಿಟ್ಟು ಡೇರಿಯ ಕಡೆ ಓಡಿದಳು.

ಸೆಕ್ರೆಟರಿ ಚೌಡಪ್ಪ ಕ್ಯಾನುಗಳ ಮುಚ್ಚಳ ಬಿಗಿಯುತ್ತಿದ್ದ. ಹಾಲು ಹಾಕಿದವರಲ್ಲಿ ಕೆಲವರು, ನರಸಮ್ಮನೂ, ಇನ್ನೂ ಅಲ್ಲೇ ಇದ್ದರು.

"ಚೌಡಪ್ಪಣ್ಣ, ತಡೀರಿ! ಇಂಜೆಕ್ಷನ್ ಹಸಿನ ಹಾಲೂ ಸುರಿದುಬುಟ್ಟಿದೀನಿ."

"ಯಾವ ಕ್ಯಾನಿಗಮ್ಮಾ?"

"ನರಸಕ್ಕಂದು ಯಾವ್ದಕ್ಕೆ ಹಾಕಿದ್ರೋ ಅದಕ್ಕೇ."

"ಕಣ್ಣು ನೆತ್ತಿ ಮೇಲಿತ್ತೇನಮ್ಮ?" ಎಂದು ಯಾರೋ ರೇಗಿದರು. ಉಳಿದವರೆಲ್ಲ ನರಸಮ್ಮನ ಮುಖ ನೋಡಿದರು. ಬೈಗುಳವನ್ನು ಅವಳೇ ಆರಂಭಿಸಲಿ ಎಂದು ಕಾದಂತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾನಿನ ಒಂದು ಹಿಡಿ ಹಿಡಿದಳು.

"ನೋಡ್ತಾ ನಿಂತಿದೀಯಲ್ಲ, ಆ ಕಡೆ ಹಿಡ್ಕಳೇ."

ಇಬ್ಬರೂ ಕ್ಯಾನನ್ನು ಹಿತ್ತಲಿಗೆ ಒಯ್ದು ಬಗ್ಗಿಸಿದರು. ಹಾಲು ಗುಳುಗುಳು ಹರಿದು ಹೋಯಿತು. ನರಸಮ್ಮ ಬೈಯದಿದ್ದುದೇ ಮಂಗಳಗೌರಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬೈದುಬುಡಕ್ಕ, ಪರವಾಗಿಲ್ಲ."

"ಯಾವ ಬಾಯಲ್ಲಿ ಬೈಯ್ಲಿ?" ನರಸಮ್ಮನ ದನಿ ತೀರ ಇಳಿದಿತ್ತು. "ಹೋದ ವರ್ಷ ನಾನೂ ಹಿಂಗೇ ಹಾಕ್ಬುಟ್ಟಿದ್ದೆ ಕಣೇ. ಬಾಯಿ ಬಿಡ್ಲಿಲ್ಲ. ವ್ಯಾನ್ ಹೋಗೋದ್ನ ನೋಡ್ತಾ ನಿಂತ್ಕಂಡಿದ್ದೆ. ಈಗ್ಲೂ ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ವ್ಯಾನು."

ಮಂಗಳಗೌರಿ ಅವಳ ಮೊಣಕೈ ಹಿಡಿದುಕೊಂಡಳು. ರಸ್ತೆಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ನರಸಮ್ಮ ಖಾಲಿ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ, ಕಣ್ಣೊರೆಸಿಕೊಂಡು ಹೇಳಿದಳು:

"ನೀನು ಇವತ್ತು ನಿದ್ದೆ ಮಾಡ್ತೀಯ ಬುಡು."