ಅಕ್ಕನ ಗದ್ದೆಯ ಅಕ್ಕಿ

“ಬುವಾಚುಮ್, ಹನ್ನೆರಡು!”

ಆರೋಗ್ಯ ಕಾರ್ಯಕರ್ತೆ ಪ್ರಾನೀ ಮೂತ್ರ ಪರೀಕ್ಷೆಯ ಕಾಗದ ನೋಡಿ ಕೂಗಿದಳು. ವಿಹಾರದ ಚಾವಡಿಯಲ್ಲಿ ನೆರೆದಿದ್ದ ಊರಿನವರೆಲ್ಲ ಲೊಚಗುಟ್ಟಿದರು. ಮೂರರೊಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಮನೆ ಮಾಡಿದೆಯೆಂದೇ ಅರ್ಥ ಎಂದು ಪಟ್ಟಣದ ಡಾಕ್ಟರು ಗೋಡೆಗೆ ಚಿತ್ರ ತೂಗುಹಾಕಿ ಬೆಳಿಗ್ಗೆಯೇ ಹೇಳಿ ಹೋಗಿದ್ದರು. ಇಲ್ಲಿಯವರೆಗೆ ಯಾರಿಗೂ ಹನ್ನೆರಡು ಬಂದಿರಲಿಲ್ಲ. ಮೂಲೆಯಲ್ಲಿದ್ದ ಮುದುಕನೊಬ್ಬ ಲಾಟರಿಗೆ ಇರಲಿ ಎಂದು ಆ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡ.

“ನಂಗಾ? ನಂಗೆ ನೆಗಡಿನೂ ಬರಲ್ವಲ್ಲೇ! ಮೊನ್ನೆ ತಾನೆ ಮೂಟೆ ಹೊತ್ತಿದೀನಿ.”

ಅರವತ್ತೊಂದರ ಬುವಾಚುಮ್ ಹೇಳಿದ್ದು ಸುಳ್ಳಲ್ಲ. ಗುಂಡುಕಲ್ಲಿನಂಥ ಹೆಂಗಸು. ಆದರೂ ಯಾರೋ ಕುರ್ಚಿ ಎಳೆದು ಕೂರಿಸಿದರು, ಯಾರೋ ಬೀಸಣಿಗೆ ಹಿಡಿದರು, ಊರ ಮುಖಂಡನೇ ಎದ್ದು ನೀರು ತಂದುಕೊಟ್ಟ. ಕಂಬಕ್ಕೊರಗಿದ್ದ ತಂಗಿ ಸೀನುವಾನ್ ಇದನ್ನೆಲ್ಲ ನೋಡಿದಳು. ಕಾಯಿಲೆಯಲ್ಲೂ ಅಕ್ಕನೇ ಮೊದಲು! ಇಂಥ ಹೊತ್ತಿನಲ್ಲೂ ಅವಳ ಹೊಟ್ಟೆ ಉರಿಯಿತು. ನಾಚಿಕೆಯೂ ಆಯಿತು, ಆದರೆ ನಾಚಿಕೆಯಿಂದ ಹೊಟ್ಟೆಯುರಿ ಆರುವುದುಂಟೆ?

ಅದು ಇಪ್ಪತ್ತಾರು ವರ್ಷದ ಉರಿ. ಆ ಕಡೆಯ ಪದ್ಧತಿಯಂತೆ ಮನೆ ಕಿರಿಮಗಳಿಗೆ ಬಂತು; ಮನೆಯ ಜೊತೆಗೆ ಮಲಗಿದಲ್ಲೇ ಇದ್ದ ತಾಯಿ, ಅವಳ ಮಲಮೂತ್ರ, ಬೈಗುಳ ಎಲ್ಲವೂ ಬಂದವು. ಹಳ್ಳದ ದಂಡೆಯ ಗದ್ದೆ ಮಾತ್ರ ಹಿರಿಯವಳ ಪಾಲಾಯಿತು. ಗುಡ್ಡದಿಂದ ಇಳಿಯುವ ಹಳ್ಳ ಮೊದಲು ನುಗ್ಗುತ್ತಿದ್ದುದೇ ಆ ಗದ್ದೆಗೆ. ಊರಿನ ಬೆಳೆ ಒಂದಾದರೆ ಅಲ್ಲಿ ಒಂದೂವರೆ. ಸೀನುವಾನ್ ಇಳಿಜಾರಿನ ಜೋಳದ ಹೊಲದಲ್ಲಿ ಬಗ್ಗಿ ನಿಂತಾಗೆಲ್ಲ ಆ ಹಸಿರು ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು.

ಪ್ರತಿ ಸುಗ್ಗಿಗೂ ಅಕ್ಕ ಹೊಸ ಅಕ್ಕಿಯ ಮೊದಲ ಮೂಟೆಯನ್ನು ತಾನೇ ಹೊತ್ತು ತಂದು ತಂಗಿಯ ಅಡುಗೆಮನೆಯಲ್ಲಿ ಇಳಿಸುತ್ತಿದ್ದಳು. “ತಿನ್ನೇ, ಕಡ್ಡಿ ಥರ ಆಗಿದೀಯ,” ಎನ್ನುತ್ತಿದ್ದಳು. ಅಕ್ಕಿ ಸಾಲದೆಂಬಂತೆ ಆ ಮಾತು ಬೇರೆ!

ಈಗ ನೋಡಿದರೆ ಆ ಹಳ್ಳದ ನೀರಿನಲ್ಲೇ ಗುಡ್ಡದ ಗಣಿಯ ಲೋಹ. ಅದು ಗದ್ದೆಗಿಳಿದು, ಭತ್ತಕ್ಕೇರಿ, ಅನ್ನವಾಗಿ ಒಳಗೆ ಸೇರಿದೆ. ನೋವಿಲ್ಲ, ಬಾವಿಲ್ಲ, ಸುಮ್ಮನೆ ಕೂತಿದೆ.

ಬುವಾಚುಮ್ ಕುರ್ಚಿಯಿಂದಲೇ ತಂಗಿಯತ್ತ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. “ನಂದು ಹೋಗ್ಲಿ. ಇವ್ಳಿಗೂ ವರ್ಷಾ ವರ್ಷಾ ನಾನೇ ಹೊತ್ಕೊಂಡ್ಹೋಗಿ ತಿನ್ಸಿದೀನಲ್ಲಪ್ಪಾ. ಪ್ರಾನೀ, ಇವ್ಳದ್ದು ನೋಡೇ, ಬೇಗ ನೋಡು.”

ಪ್ರಾನೀ ಕಾಗದ ಮಗುಚಿದಳು. ಹುಬ್ಬು ಗಂಟಿಕ್ಕಿತು. “ಸೀನುವಾನ್... ಒಂದು.”

“ಒಂದಾ?” ಅಕ್ಕ ಕೇಳಿದಳು.

“ಒಂದೇ. ಇಬ್ರೂ ಒಂದೇ ಗದ್ದೆ ಅಕ್ಕಿ ತಾನೆ ತಿನ್ನೋದು? ಹೆಂಗಾಗತ್ತೆ ಇದು? ಸೀಸೆ ಅದಲುಬದಲಾಗಿರ್ಬೇಕು. ಆ ಹನ್ನೆರಡು ನಿನ್ದೇ ಇರ್ಬಹುದು ಸೀನುವಾನಕ್ಕಾ. ಬರ್ಕೋತೀನಿ, ಇನ್ನೊಂದ್ಸಲ ಉಚ್ಚೆ ಹಿಡ್ಕೊಡಿ.”

ಸೀನುವಾನ್ ತಲೆಯಾಡಿಸಿದ್ದರೆ ಸಾಕಿತ್ತು. ಸೀಸೆಯ ಮೇಲೆ ತಪ್ಪು ಹೊರಿಸಿ ಮನೆಗೆ ಹೋಗಬಹುದಿತ್ತು, ಮುಂದಿನದು ಮುಂದೆ. ತಲೆ ಅರ್ಧ ಆಡಿಸಿಯೂ ಆಗಿತ್ತು.

ಅಷ್ಟರಲ್ಲಿ ಅಕ್ಕ ಕುರ್ಚಿ ತಳ್ಳಿ ಎದ್ದಳು. “ಬೇಡ ಬೇಡ! ಆ ಹನ್ನೆರಡು ನಂದೇ. ನಂದೂ ಅಂತ್ಲೇ ಬರಿ ಪ್ರಾನೀ, ನಿಂಗೆ ಕೈ ಮುಗೀತೀನಿ. ಅವ್ಳಿಗೆ ಬೇಡ.” ಊರೆದುರು ಎಂದೂ ಅಳದ ಹೆಂಗಸು ಗೋಳೋ ಎಂದು ಅತ್ತಳು.

ಸೀನುವಾನ್ ಕಂಬ ಬಿಟ್ಟು ನೆಟ್ಟಗೆ ನಿಂತಳು. ಈ ಅಳುವೂ ಅಕ್ಕನದೇ, ಈ ದೊಡ್ಡತನವೂ ಅಕ್ಕನದೇ. ತನಗುಳಿದಿದ್ದು ಒಂದು ನಿಜ ಮಾತ್ರ, ಅದೂ ಹೇಳಿಕೊಳ್ಳುವಂಥದ್ದಲ್ಲ.

“ಯಾವ ಸೀಸೇನೂ ಬದಲಾಗಿಲ್ಲ,” ಎಂದಳು. “ನಾನು ಅಕ್ಕನ ಅಕ್ಕಿ ತಿಂದಿಲ್ಲ.”

“ಈ ವರ್ಷನಾ?” ಪ್ರಾನೀ ಕೇಳಿದಳು.

“ಯಾವತ್ತೂ. ಸಂತೇಲಿ ಕೊಂಡು ತಿಂತಿದ್ದೆ, ನುಚ್ಚೋ ಮುಗ್ಗಲೋ.”

ಬುವಾಚುಮ್ ಅಳು ನಿಲ್ಲಿಸಿದಳು. “ಮತ್ತೆ ಅಷ್ಟು ಮೂಟೆ?”

“ಹಂದಿಗ್ ಹಾಕ್ದೆ.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

“ಯಾಕೇ?”

“ಆ ಗದ್ದೆ ನಿಂಗೆ ಬಂತಲ್ಲ, ಅದಕ್ಕೆ. ತಾಯಿ ಹೇಲುಚ್ಚೆ ನಂಗೆ, ಗದ್ದೆ ನಿಂಗೆ. ನಿನ್ನ ಅನ್ನ ನನ್ ಗಂಟ್ಲಲ್ಲಿ ಇಳೀತಿರ್ಲಿಲ್ಲ ಅಕ್ಕಾ.”

ಪ್ರಾನೀ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

ಬುವಾಚುಮ್ ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ಕಂಬದ ಹತ್ತಿರ ಬಂದಳು. ಕೈ ಎತ್ತಿದಾಗ ಹೊಡೆದೇಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಆದರೆ ಡಾಕ್ಟರು ಚಿತ್ರದಲ್ಲಿ ತೋರಿಸಿದ್ದ ಜಾಗ ಹುಡುಕುವವಳಂತೆ ತಂಗಿಯ ಬೆನ್ನ ಕೆಳಭಾಗ ಸವರಿ, ಸೊಂಟದ ಮೇಲುಗಡೆ ಅಂಗೈಯಿಟ್ಟಳು.

“ಇಲ್ಲೇನೂ ಇಲ್ಲ ಹಂಗಾದ್ರೆ?”

“ಇಲ್ಲ.”

“ಖಂಡಿತ?”

“ಖಂಡಿತ.”

“ಸದ್ಯ,” ಎಂದು ಬುವಾಚುಮ್ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಕೈ ಅಲ್ಲಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಕೈಯ ಎರಡು ಬೆರಳು ಸೀನುವಾನಳ ಸೊಂಟದ ಮಾಂಸವನ್ನು ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಿರುಚಿ ಚಿವುಟಿದವು.

ಕಣ್ಣಲ್ಲಿ ನೀರು ಬಂದರೂ ಸೀನುವಾನ್ ಪಕ್ಕಕ್ಕೆ ಸರಿಯಲಿಲ್ಲ. ಅಕ್ಕ ಬೇಗ ಬಿಡಲೂ ಇಲ್ಲ.